ಎದ್ದವರ ಎಣಿಕೆ

ಜನವರಿ 20, ಸೋಮವಾರ

ತಂಗೀ,

ಇದನ್ನು ಅಕ್ಕನ ಕಾಗದ ಎಂದು ಓದಬೇಡ. ಮಕ್ಕಳ ಚಿತ್ರ ತೋರಿಸುವ ಟಾಕೀಸಿನ ಯಜಮಾನಿಯೊಬ್ಬಳು, ಚಿತ್ರಗಳಿಗೆ ದರ್ಜೆ ಕೊಡುವ ಸಮಿತಿಯ ಸದಸ್ಯೆಗೆ ಬರೆದ ದೂರು ಎಂದು ಓದು. ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ಮಾತು ತಿರುಗಿಸುತ್ತೀಯ, ನಾನು ದನಿ ಏರಿಸುತ್ತೇನೆ, ಕೊನೆಗೆ ಇಬ್ಬರೂ ಮಂಡಿನೋವು ವಿಚಾರಿಸಿಕೊಂಡು ಇಟ್ಟುಬಿಡುತ್ತೇವೆ. ಟಾಕೀಸು ಮಾರಿಬಿಡು ಎಂದು ನೀನು ಅಂದದ್ದು, ಹಾಗಾದರೆ ಇದರ ಮೆಟ್ಟಿಲು ಹತ್ತಬೇಡ ಎಂದು ನಾನು ಅಂದದ್ದು ಆಗಿ ಆರು ವರ್ಷವಾಯಿತು. ಆರು ವರ್ಷದಿಂದಲೂ ಮಂಡಿನೋವೇ ಮಾತು.

ನಿನ್ನೆ ಬೆಳಗಿನ ಆಟಕ್ಕೆ ಆ ಹಾರುವ ಫ್ರಿಜ್ಜಿನ ಚಿತ್ರ ಹಾಕಿದ್ದೆ. ನಿಮ್ಮ ಸಮಿತಿ ಅದಕ್ಕೆ ‘ಎಲ್ಲರೂ ನೋಡಬಹುದು’ ಎಂದು ದರ್ಜೆ ಕೊಟ್ಟಿದೆ. ಕೆಳಗೆ ಐದು ಸಹಿಗಳಲ್ಲಿ ನಿನ್ನದೂ ಒಂದು. ಆ ಸಹಿಯ ಬಾಲ ನನಗೆ ಗೊತ್ತಾಗದೇ ಇರುತ್ತದೆಯೇ, ನಿನ್ನ ಕೈಗೆ ಬಳಪ ಹಿಡಿಸಿದವಳು ನಾನು. ಬಂದ ಮಕ್ಕಳು ಎಪ್ಪತ್ತೆಂಟು. ಎದ್ದವರು ಐವತ್ತೊಂದು.

ನನ್ನ ಕ್ರಮ ನೀನು ಮರೆತಿದ್ದರೆ ನೆನಪಿಸುತ್ತೇನೆ. ಭಾನುವಾರ ಬೆಳಿಗ್ಗೆ ನಮ್ಮ ಟಾಕೀಸಿನೊಳಗೆ ದೊಡ್ಡವರಿಗೆ ಪ್ರವೇಶವಿಲ್ಲ. ಅಪ್ಪ ಅಮ್ಮ ಯಾರೇ ಆದರೂ ಹೊರಗಿನ ಕಟ್ಟೆಯ ಮೇಲೆ ಕೂತಿರಬೇಕು. ಒಳಗೆ ನಾನೊಬ್ಬಳೇ. ಪರದೆಯ ಕೆಳಗೆ ಸ್ಟೂಲು ಹಾಕಿಕೊಂಡು, ಪರದೆಗೆ ಬೆನ್ನು ಕೊಟ್ಟು, ಮಕ್ಕಳ ಮುಖ ನೋಡುತ್ತಾ ಕೂರುತ್ತೇನೆ. ಎದ್ದ ಪ್ರತಿ ಮಗುವಿಗೂ ಪುಸ್ತಕದಲ್ಲಿ ಒಂದು ಗೆರೆ. ನೀರಿಗೆ ಎದ್ದರೂ ಗೆರೆ, ಪಕ್ಕದವರ ಜಡೆಯೋ ಜುಟ್ಟೋ ಎಳೆಯಲು ಎದ್ದರೂ ಗೆರೆ. ಒಳ್ಳೆಯ ಚಿತ್ರ ಓಡುವಾಗ ಮಕ್ಕಳಿಗೆ ಮೂತ್ರ ಬರುವುದಿಲ್ಲ. ಇದು ಮೂವತ್ತೆರಡು ವರ್ಷ ಕಣ್ಣಾರೆ ಕಂಡ ಮಾತು. ಆಟ ಮುಗಿದ ಮೇಲೆ ಬಾಗಿಲ ಪಕ್ಕದ ಕಪ್ಪು ಹಲಗೆಯಲ್ಲಿ ಬರೆಯುತ್ತೇನೆ: ಬಂದವರು ಇಷ್ಟು, ಎದ್ದವರು ಇಷ್ಟು. ವಿತರಕರು ನಿಮ್ಮ ದರ್ಜೆಗೆ ಹೆದರುವುದಿಲ್ಲ, ಆ ಹಲಗೆಗೆ ಹೆದರುತ್ತಾರೆ.

ಫ್ರಿಜ್ಜಿನ ಚಿತ್ರದಲ್ಲಿ ಹೊಡೆದಾಟವಿಲ್ಲ, ಕೆಟ್ಟ ಮಾತಿಲ್ಲ, ಒಪ್ಪಿದೆ. ಒಂದೂವರೆ ಗಂಟೆ ನನ್ನ ಬೆನ್ನ ಹಿಂದೆ ಕಿರುಚಾಟ, ನಡುವೆ ನಾಲ್ಕು ಹಾಡು. ಮಕ್ಕಳ ಮುಖದಲ್ಲಿ ಏನೂ ಇಲ್ಲ, ಸಾಬೂನು ಹಚ್ಚಿ ತೊಳೆದ ತಟ್ಟೆಯ ಹಾಗೆ. ಮರಳಿನಲ್ಲೂ ವಿಷವಿಲ್ಲ. ಹಾಗಂತ ಮಕ್ಕಳಿಗೆ ಬಡಿಸುತ್ತೀರಾ? ‘ಎಲ್ಲರೂ ನೋಡಬಹುದು’ ಎಂದು ಬರೆಯುವ ಕೈಗೆ ‘ಯಾರೂ ನೋಡಬೇಕಾಗಿಲ್ಲ’ ಎಂದು ಬರೆಯಲು ಏನು ಕಷ್ಟ?

ಇನ್ನೊಂದು ದೂರು. ಶಾಲೆ ಬಿಟ್ಟ ಮೇಲೆ ಒಬ್ಬಳೇ ಉಳಿದುಹೋಗುವ ಹುಡುಗಿಯ ಚಿತ್ರವೊಂದು ಬಂದಿದೆ. ಅದಕ್ಕೆ ‘ಹಿರಿಯರ ಜೊತೆ ಮಾತ್ರ’ ಎಂದು ಕೊಟ್ಟಿದ್ದೀರಿ. ಪಕ್ಕದ ಊರಿನಲ್ಲಿ ಟಾಕೀಸು ನಡೆಸುವ ನನ್ನ ಗೆಳತಿ ಅದನ್ನು ಹಾಕಿದಳಂತೆ. ನೂರನಲವತ್ತು ಮಕ್ಕಳಲ್ಲಿ ಎದ್ದವರು ಬರೀ ನಾಲ್ಕು. ನಾಲ್ಕು! ನನ್ನ ಪುಸ್ತಕದಲ್ಲಿ ಹದಿನಾರು ವರ್ಷದಿಂದ ಒಂದಂಕಿ ಬಂದಿಲ್ಲ. ಆ ಚಿತ್ರ ನನಗೆ ಬೇಕು. ಹಿರಿಯರನ್ನು ನಾನು ಒಳಗೆ ಬಿಡುವುದಿಲ್ಲ. ಆದ್ದರಿಂದ ದರ್ಜೆ ತಿದ್ದಿ ಕಳಿಸಿ.

ಇಲ್ಲಿ ಎಲ್ಲವೂ ಚೆನ್ನಾಗಿ ನಡೆಯುತ್ತಿದೆ. ಮಗ ಏನೇನೋ ಅನ್ನುತ್ತಾನೆ, ಅದು ಇದ್ದದ್ದೇ.

ನಿನ್ನ ಅಕ್ಕ


ಫೆಬ್ರವರಿ 3, ಸೋಮವಾರ

ಅಕ್ಕಾ,

ನಿನ್ನ ದೂರಿಗೆ ಕಚೇರಿಯ ಸಂಖ್ಯೆ ಹಾಕಿ ಉತ್ತರ ಬರೆಯಲು ಕೂತೆ. ‘ಮಾನ್ಯರೇ’ ಎಂದು ಬರೆದೆ. ನಿನ್ನ ಮುಖ ನೆನಪಾಗಿ ನಗು ಬಂತು, ಹರಿದುಹಾಕಿದೆ.

ನಾವು ಮಾಡುವುದು ಏನೆಂದು ನೀನು ಒಮ್ಮೆ ತಿಳಿದುಕೋ. ಮೂರನೇ ಮಹಡಿಯಲ್ಲಿ ಕಿಟಕಿ ಇಲ್ಲದ ಕೋಣೆ. ಐದು ಕುರ್ಚಿ, ಐದು ಜನ, ಒಂದು ಪರದೆ. ಪ್ರತಿಯೊಬ್ಬರ ಮಡಿಲಲ್ಲಿ ಒಂದು ಹಾಳೆ. ಹಾಳೆಯಲ್ಲಿ ಒಂಬತ್ತು ಚೌಕ: ಹೊಡೆದಾಟ, ರಕ್ತ, ಹೆದರಿಕೆ, ಕೆಟ್ಟ ಮಾತು, ಹೀಗೆ. ಕಂಡದ್ದಕ್ಕೆ ಗುರುತು ಹಾಕುತ್ತೇವೆ. ‘ಚಿತ್ರ ಚೆನ್ನಾಗಿದೆಯೇ’ ಎಂಬ ಚೌಕ ಇಲ್ಲ. ನಾನು ಸೇರಿದ ಮೊದಲ ವರ್ಷವೇ ಕೇಳಿದ್ದೆ. ಅಧ್ಯಕ್ಷರು, “ಅಮ್ಮಾ, ನಾವು ಬಾಗಿಲಲ್ಲಿ ನಿಂತು ಚಾಕು ಇದೆಯಾ ಅಂತ ಜೇಬು ನೋಡೋರು. ಒಳಗೆ ಬಂದೋನು ಪೆದ್ದನೋ ಜಾಣನೋ ನಮಗ್ಯಾಕೆ?” ಅಂದರು. ಹನ್ನೊಂದು ವರ್ಷದಲ್ಲಿ ಅದಕ್ಕಿಂತ ಒಳ್ಳೆಯ ಉತ್ತರ ನನಗೂ ಸಿಕ್ಕಿಲ್ಲ. ಫ್ರಿಜ್ಜಿನ ಚಿತ್ರ ಮುಗಿದಾಗ ಐವರಲ್ಲಿ ಇಬ್ಬರು ನಿದ್ದೆ ಹೋಗಿದ್ದರು. ನಿದ್ದೆ ಹಾನಿಕರವಲ್ಲ.

ಶಾಲೆಯ ಹುಡುಗಿಯ ಚಿತ್ರಕ್ಕೆ ಬರುತ್ತೇನೆ. ಅದರಲ್ಲಿ ಏಳು ನಿಮಿಷದ ಒಂದು ಭಾಗವಿದೆ. ಸಂಜೆ, ಖಾಲಿ ಶಾಲೆ, ಹುಡುಗಿ ಒಬ್ಬಳೇ, ಕರೆದೊಯ್ಯಬೇಕಾದವರು ಬರುವುದಿಲ್ಲ. ‘ದೀರ್ಘಕಾಲದ ಹೆದರಿಕೆ’ ಎಂಬ ಚೌಕಕ್ಕೆ ಗುರುತು ಬಿದ್ದಿದೆ. ಐವರಲ್ಲಿ ಒಬ್ಬರು ಹಾಕಿದರೂ ದರ್ಜೆ ಬಿಗಿಯಾಗುತ್ತದೆ. ಯಾರು ಹಾಕಿದರು ಎಂದು ಹೊರಗೆ ಹೇಳುವಂತಿಲ್ಲ.

ನಿನ್ನ ಗೆಳತಿಯ ನಾಲ್ಕನ್ನು ನಾನು ನಂಬುವುದಿಲ್ಲ. ಅಲ್ಲಿ ಪ್ರತಿ ಮಗುವಿನ ಪಕ್ಕದಲ್ಲಿ ಒಬ್ಬ ಅಪ್ಪನೋ ಅಮ್ಮನೋ ಕೂತಿದ್ದರು. ದೊಡ್ಡವರ ಕೈ ತೊಡೆಯ ಮೇಲಿದ್ದರೆ ಯಾವ ಮಗು ಏಳುತ್ತದೆ?

ಇನ್ನೊಂದು ಮಾತು. ‘ಎಲ್ಲವೂ ಚೆನ್ನಾಗಿ ನಡೆಯುತ್ತಿದೆ’ ಎಂದು ಬರೆದಿದ್ದೀಯ. ನಿನ್ನ ಸೊಸೆ ನನಗೆ ಬೇರೆ ಬರೆದಿದ್ದಾಳೆ. ಮಾರ್ಚ್ ಮುಗಿಯುವುದರೊಳಗೆ ಒಂದು ಭಾನುವಾರವಾದರೂ ಇನ್ನೂರು ಮಕ್ಕಳು ಬಾರದಿದ್ದರೆ, ನಿನ್ನ ಮಗ ಆ ಬೆಳಗಿನ ಹೊತ್ತನ್ನು ಪರೀಕ್ಷಾ ತರಬೇತಿಯವರಿಗೆ ಬಿಟ್ಟುಕೊಡುತ್ತಾನಂತೆ. ಮಕ್ಕಳು ಅದೇ ಸೀಟಿನಲ್ಲಿ ಕೂತು, ಅದೇ ಪರದೆಯ ಮೇಲೆ, ಲೆಕ್ಕ ಬಿಡಿಸುತ್ತಾರಂತೆ. ಇದನ್ನು ನನಗೆ ಹೇಳಬಾರದಿತ್ತೇ?

ಕೊನೆಯದಾಗಿ, ಕೋಪ ಮಾಡಿಕೊಳ್ಳಬೇಡ. ಒಂದು ಮಕ್ಕಳ ಚಿತ್ರವನ್ನು ಮುಖಾಮುಖಿ ಕೂತು ನೀನು ನೋಡಿ ಎಷ್ಟು ವರ್ಷವಾಯಿತು?

ತಂಗಿ


ಫೆಬ್ರವರಿ 8, ಶನಿವಾರ

ತಂಗೀ,

ಕೋಪ ಮಾಡಿಕೊಂಡಿದ್ದೇನೆ.

ಸೊಸೆಯನ್ನು ಟಿಕೆಟ್ ಕಿಟಕಿಯ ಮುಂದೆ ನಿಲ್ಲಿಸಿ ಕೇಳಿದೆ. “ಅತ್ತೇ, ಚಿಕ್ಕತ್ತೆ ಕೇಳಿದ್ರು, ಹೇಳ್ದೆ. ಸುಳ್ಳು ಹೇಳೋಕೆ ನೀವು ಕಲಿಸಿಲ್ವಲ್ಲ” ಅಂದಳು. ಬಾಯಿಗೆ ಬೀಗವಿಲ್ಲ, ಬೆನ್ನಿಗೆ ಮೂಳೆ ಇದೆ. ಅವಳನ್ನು ನಾನೇ ಆರಿಸಿ ತಂದದ್ದು, ಯಾರನ್ನು ಬಯ್ಯಲಿ?

ಹೌದು, ಮಗ ಹಾಗೆ ಅಂದಿದ್ದಾನೆ. ಮೊದಲು ಮುನ್ನೂರು ಮಕ್ಕಳು ಬರುತ್ತಿದ್ದರು, ಈಗ ಎಂಬತ್ತೂ ಇಲ್ಲ. ಎಲ್ಲರೂ ನೋಡಬಹುದಾದ ಚಿತ್ರಗಳನ್ನು ನೋಡಿ ನೋಡಿ ಮಕ್ಕಳು ಬರುವುದನ್ನೇ ಬಿಟ್ಟರು. “ಅಮ್ಮಾ, ಖಾಲಿ ಸೀಟಿಗೆ ನೀನು ಕಾವಲು ಕೂತಂಗಿದೆ” ಎಂದ. “ಖಾಲಿ ತಲೆಗೆ ತರಬೇತಿ ಕೊಡೋದಕ್ಕಿಂತ ವಾಸಿ” ಎಂದೆ. ಅವನು ಬಾಗಿಲು ಹಾಕಿಕೊಂಡು ಹೋದ. ಮೆಲ್ಲಗೆ ಹಾಕಿದ, ಅದೇ ನನಗೆ ಹೆಚ್ಚು ಸಿಟ್ಟು ತರಿಸಿದ್ದು.

ನಿನಗೆ ಹೇಳಲಿಲ್ಲ, ಯಾಕೆಂದರೆ ನೀನು ಕನಿಕರಪಟ್ಟು ದರ್ಜೆ ತಿದ್ದಬಾರದು. ತಪ್ಪಾಗಿದೆ ಎಂದು ಕಂಡು ತಿದ್ದಬೇಕು.

ಚಿತ್ರ ನೋಡಿಲ್ಲ, ನಿಜ. ನಮ್ಮ ಯಜಮಾನರು ತೀರಿಕೊಂಡ ವರ್ಷದಿಂದ ಆ ಸ್ಟೂಲಿನ ಮೇಲೆ ಕೂತವಳು ಒಂದು ಭಾನುವಾರವೂ ಹಿಂದೆ ತಿರುಗಿಲ್ಲ. ತಿರುಗಿದರೆ ನಾನೂ ಕಥೆಯಲ್ಲಿ ಬೀಳುತ್ತೇನೆ, ಗೆರೆ ತಪ್ಪುತ್ತದೆ. ನಾನು ಚಿತ್ರ ನೋಡಿಲ್ಲ, ಮಕ್ಕಳನ್ನು ನೋಡಿದ್ದೇನೆ. ನೀನು ಹನ್ನೊಂದು ವರ್ಷ ಮಕ್ಕಳ ಚಿತ್ರಗಳನ್ನು ನೋಡಿದ್ದೀಯ, ಒಂದು ಮಗುವನ್ನೂ ನೋಡಿಲ್ಲ. ಕಿಟಕಿ ಇಲ್ಲದ ಕೋಣೆಯಲ್ಲಿ ಐದು ಜನ ಮುದುಕರು ಕೂತು ಎಂಟು ವರ್ಷದವರಿಗೆ ಯಾವುದು ಹೆದರಿಕೆ ಎಂದು ಗುರುತು ಹಾಕುತ್ತೀರಿ. ನಮ್ಮಲ್ಲಿ ಯಾರು ಹೆಚ್ಚು ಕುರುಡರು ಎಂದು ನನ್ನನ್ನು ಕೇಳಬೇಡ.

ಆ ಹೆದರಿಕೆಯ ಚೌಕಕ್ಕೆ ಗುರುತು ಹಾಕಿದವರಾರೋ, ಅವರಿಗೆ ನನ್ನ ಮಾತು ತಲುಪಿಸು. ಮದುವೆಯಾಗದ, ಮಕ್ಕಳನ್ನು ಎತ್ತಿಕೊಳ್ಳದ, ತನ್ನ ನೆರಳಿಗೆ ತಾನೇ ಬೆಚ್ಚುವ ಹೆದರುಪುಕ್ಕಲ ಇರಬೇಕು. ಶಾಲೆಯಲ್ಲಿ ಒಂದು ಸಂಜೆ ಒಬ್ಬಳೇ ಕೂತರೆ ಮಗುವಿಗೆ ಏನಾಗುತ್ತದೆ? ನೀನು ಕೂರುತ್ತಿರಲಿಲ್ಲವೇ? ಖುಷಿಯಾಗಿಯೇ ಇರುತ್ತಿದ್ದೆ. ನೀನೇ ಹೋಗಿ ಆ ಹೆದರುಪುಕ್ಕಲನಿಗೆ ಬುದ್ಧಿ ಹೇಳು.

ಅಕ್ಕ


ಫೆಬ್ರವರಿ 24, ಸೋಮವಾರ

ತಂಗೀ,

ಎರಡು ವಾರ ಕಳೆದವು, ಉತ್ತರವಿಲ್ಲ. ನನ್ನ ಬಾಯಿ ಕಟುವಾಯಿತು ಎಂದು ಮುನಿಸಿಕೊಂಡಿರಬೇಕು, ಇಲ್ಲವೇ ನಿನ್ನ ಕುರ್ಚಿಗೆ ನನ್ನ ಕಾಗದ ಹೊಂದುವುದಿಲ್ಲ. ಓದಿದವರು, ದೊಡ್ಡ ಊರಿನವರು. ಇರಲಿ. ನಾನು ಯಾರ ಉತ್ತರಕ್ಕೂ ಕಾದು ಕೂತವಳಲ್ಲ.

ನಿಮ್ಮ ನಿಯಮದ ಪುಸ್ತಕವನ್ನು ತರಿಸಿಕೊಂಡು ಪೂರ್ತಿ ಓದಿದೆ. ಹೈಸ್ಕೂಲಿನವರೆಗೆ ಕಲಿತದ್ದು ಇಷ್ಟಕ್ಕಾದರೂ ಸಾಕಾಯಿತು. ‘ಹಿರಿಯರ ಜೊತೆ ಮಾತ್ರ’ ಎಂಬ ದರ್ಜೆಯ ಕೆಳಗೆ ಬರೆದಿದೆ: ಪ್ರತಿ ನಾಲ್ಕು ಮಕ್ಕಳಿಗೆ ಒಬ್ಬರಂತೆ ಹಿರಿಯರು ಪ್ರದರ್ಶನದುದ್ದಕ್ಕೂ ಸಭಾಂಗಣದೊಳಗೆ ಹಾಜರಿರತಕ್ಕದ್ದು. ಹಾಜರಿರಬೇಕು, ಅಷ್ಟೇ. ಚಿತ್ರ ನೋಡಬೇಕು ಎಂದಿಲ್ಲ.

ಆದ್ದರಿಂದ ಹಿರಿಯರನ್ನು ಒಳಗೆ ಬಿಡುತ್ತೇನೆ. ಪರದೆಯ ಮುಂದೆ ನಾಲ್ಕು ಸಾಲು ಬೆಂಚು ಹಾಕುತ್ತೇನೆ. ಎಲ್ಲ ಹಿರಿಯರೂ ನನ್ನ ಹಾಗೆ ಪರದೆಗೆ ಬೆನ್ನು ಕೊಟ್ಟು, ತಮ್ಮ ತಮ್ಮ ಮಕ್ಕಳ ಮುಖ ನೋಡುತ್ತಾ ಕೂರಬೇಕು. ತಿರುಗಿದವರನ್ನು ಹೊರಗೆ ಕಳಿಸುತ್ತೇನೆ. ಮಾರ್ಚ್ 30ಕ್ಕೆ ಆ ಚಿತ್ರ ಬೇಕೆಂದು ವಿತರಕರಿಗೆ ಹೇಳಿಯಾಯಿತು. ಅದು ಮಗ ಕೊಟ್ಟ ಗಡುವಿನ ಕೊನೆಯ ಭಾನುವಾರ.

ಇದರಲ್ಲಿ ನಿಯಮ ಮುರಿಯುವುದೇನಾದರೂ ಇದ್ದರೆ ಈಗಲೇ ಹೇಳು. ಇಲ್ಲದಿದ್ದರೆ ಹೀಗೆಯೇ ಸುಮ್ಮನಿರು.

ಅಕ್ಕ


ಮಾರ್ಚ್ 5, ಬುಧವಾರ

ಅಕ್ಕಾ,

ಮುನಿಸಿಕೊಂಡಿರಲಿಲ್ಲ. ಆ ಚಿತ್ರವನ್ನು ಮತ್ತೆ ನೋಡಿದೆ. ಒಬ್ಬಳೇ, ಆ ಕೋಣೆಯಲ್ಲಿ, ಬೇರೆ ಬೇರೆ ದಿನ ಮೂರು ಸಲ. ಅದಕ್ಕೆ ತಡವಾಯಿತು.

ನಿಯಮದಲ್ಲಿ ಹಿರಿಯರ ಮುಖ ಯಾವ ದಿಕ್ಕಿಗಿರಬೇಕು ಎಂದು ಎಲ್ಲೂ ಹೇಳಿಲ್ಲ. ನಮ್ಮ ಕಾನೂನು ಅಧಿಕಾರಿಯನ್ನೂ ಕೇಳಿದೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, “ಇದನ್ನು ಕೇಳಿದ್ದು ಯಾರು?” ಅಂದರು. “ನಮ್ಮಕ್ಕ” ಅಂದೆ. “ಸದ್ಯ, ಅವರು ವಕೀಲಿ ಓದಲಿಲ್ಲ” ಅಂದರು. ಹಾಗಾಗಿ ನೀನು ಗೆದ್ದೆ.

ಇನ್ನು, ನೀನು ಆ ಹೆದರುಪುಕ್ಕಲನಿಗೆ ತಲುಪಿಸು ಎಂದ ಮಾತು ತಲುಪಿತು. ಮದುವೆಯಾಗದ, ಮಕ್ಕಳನ್ನು ಎತ್ತಿಕೊಳ್ಳದ ಆ ಹೆದರುಪುಕ್ಕಲು ನಾನೇ. ಉಳಿದ ನಾಲ್ವರೂ ‘ಎಲ್ಲರೂ ನೋಡಬಹುದು’ ಎಂದಿದ್ದರು. ಆ ಚೌಕಕ್ಕೆ ಗುರುತು ಹಾಕಿದ್ದು ನಾನೊಬ್ಬಳೇ. ಹೊರಗೆ ಹೇಳುವಂತಿಲ್ಲ, ನೀನು ಹೊರಗಿನವಳಲ್ಲ.

ಯಾಕೆ ಹಾಕಿದೆ ಎಂದು ಕೇಳಬೇಡ. ಮೂರು ಸಲ ನೋಡಿದ ಮೇಲೂ ಹಾಕಿದ್ದು ಸರಿ ಎಂದೇ ನನಗೆ ಅನಿಸುತ್ತಿದೆ. ಆದರೆ ಆ ಕೋಣೆಯಲ್ಲಿ ಮಕ್ಕಳಿರಲಿಲ್ಲ ಎಂಬ ನಿನ್ನ ಮಾತು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಹಾಗೆ ಸಿಕ್ಕಿಕೊಂಡಿದೆ.

ಹಾಗಾಗಿ ಮೂವತ್ತನೇ ತಾರೀಖು ನಾನೇ ಬರುತ್ತೇನೆ, ನೀನು ಮೆಟ್ಟಿಲು ಹತ್ತಲು ಬಿಟ್ಟರೆ. ಒಂದು ಷರತ್ತು. ಸ್ಟೂಲಿನ ಮೇಲೆ ನಾನು ಕೂರುತ್ತೇನೆ, ಗೆರೆ ನಾನು ಹಾಕುತ್ತೇನೆ. ನೀನು ಮಕ್ಕಳ ನಡುವೆ ಸೀಟಿನಲ್ಲಿ ಕೂತು ಚಿತ್ರ ನೋಡಬೇಕು. ಮೊದಲಿನಿಂದ ಕೊನೆಯವರೆಗೆ. ನಿನ್ನ ಕೆಲಸ ನಾನು ಮಾಡುತ್ತೇನೆ, ನನ್ನ ಕೆಲಸ ನೀನು ಮಾಡು. ಆಮೇಲೆ ಯಾರು ಹೆಚ್ಚು ಕುರುಡರು ಎಂದು ನೋಡೋಣ.

ತಂಗಿ


ಮಾರ್ಚ್ 12, ಬುಧವಾರ

ತಂಗೀ,

ನೀನು ಹಾಕಿದ್ದೇ? ನೀನು?

ಈ ಒಂದು ಸಾಲು ಬರೆದು ಎರಡು ದಿನ ಹಾಗೇ ಬಿಟ್ಟಿದ್ದೆ. ಸಂಜೆಯಾದರೂ ಶಾಲೆಯ ಅಂಗಳದಲ್ಲಿ ಕುಂಟೆಬಿಲ್ಲೆ ಆಡಿಕೊಂಡಿರುತ್ತಿದ್ದ ಹುಡುಗಿ ನೀನು. ದೊಡ್ಡ ಊರಿನ ಗಾಳಿ ನಿನ್ನನ್ನು ಮೆತ್ತಗೆ ಮಾಡಿದೆ, ಬೇರೇನಿಲ್ಲ. ಷರತ್ತು ಒಪ್ಪಿದ್ದೇನೆ. ನಾನು ಚಿತ್ರ ನೋಡುವುದಕ್ಕೆ ಹೆದರುತ್ತೇನೆಂದು ನೀನು ಎಣಿಸಿದ್ದರೆ ಎಣಿಕೆ ತಪ್ಪಿದೆ.

ಇಲ್ಲಿನ ಸುದ್ದಿ ಕೇಳು. ಹಲಗೆಯಲ್ಲಿ ಬರೆದೆ: ‘ಮಾರ್ಚ್ 30. ಮೂವತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ಹಿರಿಯರಿಗೆ ಪ್ರವೇಶ. ಚಿತ್ರ ನೋಡಲು ಅವಕಾಶವಿಲ್ಲ.’ ಮರುದಿನವೇ ಟಿಕೆಟ್ ಕಿಟಕಿಯ ಮುಂದೆ ಜಾತ್ರೆ. ಚಿಕ್ಕವರಿದ್ದಾಗ ಒಳಗೆ ಕೂತು, ಮೀಸೆ ಬಂದ ಮೇಲೆ ನನ್ನಿಂದ ಹೊರಗೆ ತಳ್ಳಿಸಿಕೊಂಡವರೆಲ್ಲ ಈಗ ಮಕ್ಕಳ ಕೈ ಹಿಡಿದು ಬಂದಿದ್ದಾರೆ. ನಮ್ಮ ಬೀದಿಯ ದರ್ಜಿ ಕೇಳಿದ, “ಅಮ್ಮಾ, ನೋಡೋಕಿಲ್ಲ ಅಂದ್ಮೇಲೆ ನಾವು ಒಳಗೆ ಬಂದು ಏನ್ಮಾಡೋದು?”

“ಮಗಳನ್ನ ನೋಡು.”

“ಮನೇಲೇ ನೋಡ್ತೀನಲ್ಲ.”

“ಯಾವತ್ತು? ಸೂಜಿಗೆ ದಾರ ಪೋಣಿಸೋವಾಗ್ಲಾ?”

ಹಿಂದೆ ನಿಂತವರೆಲ್ಲ ನಕ್ಕರು. ಅವನು ಮೂರು ಟಿಕೆಟ್ ತೆಗೆದುಕೊಂಡ. ಮಗಳು, ಪಕ್ಕದ ಮನೆಯ ಹುಡುಗಿ, ತಾನು.

ಮೊಮ್ಮಗಳು ಬುಗುರಿ ತನ್ನ ಶಾಲೆಯ ಒಬ್ಬೊಬ್ಬರಿಗೂ ಹೇಳಿ ಬಂದಿದ್ದಾಳೆ. ಒಂಬತ್ತು ವರ್ಷದವಳು, ಗಂಟಲು ಮಾತ್ರ ನನ್ನದು. ಅವಳಪ್ಪನಿಗೂ ಆಜ್ಞೆಯಾಗಿದೆ: “ನೀನು ಎರಡನೇ ಸಾಲಿನ ಬೆಂಚಲ್ಲಿ ನನ್ನೆದುರಿಗೇ ಕೂರಬೇಕು. ಮೊಬೈಲು ತೆಗೆದ್ರೆ ಅಜ್ಜಿ ಆಚೆ ಹಾಕ್ತಾಳೆ.” ಅವನು ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ.

ಸ್ಟೂಲಿನ ಒಂದು ಕಾಲು ಸ್ವಲ್ಪ ಕುಂಟು. ಬಲಕ್ಕೆ ವಾಲಿ ಕೂರು.

ಅಕ್ಕ


ಏಪ್ರಿಲ್ 2, ಬುಧವಾರ

ಅಕ್ಕಾ,

ಭಾನುವಾರ ನಾನು ಬಸ್ಸು ಹತ್ತುವಾಗಲೂ ಇಬ್ಬರೂ ಮಂಡಿನೋವಿನ ಮಾತನ್ನೇ ಆಡಿದೆವು. ನಿನ್ನ ಗೆರೆಪುಸ್ತಕದ ಹಾಳೆ ನನ್ನ ಚೀಲದಲ್ಲೇ ಉಳಿದುಬಿಟ್ಟಿದೆ. ಇದರ ಜೊತೆ ಇಟ್ಟಿದ್ದೇನೆ, ಹಲಗೆಯ ಮೇಲೆ ಬರೆದುಕೋ.

ಬಂದ ಮಕ್ಕಳು ಇನ್ನೂರ ಹದಿನಾಲ್ಕು. ಹಿರಿಯರು ಅರವತ್ತಾರು. ಎದ್ದವರು ಹನ್ನೆರಡು.

ಇದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ನಿನ್ನ ಗೆರೆಗಳು ಎಲ್ಲವನ್ನೂ ಒಂದೇ ಮಾಡಿಬಿಡುತ್ತವೆ. ನಾಲ್ವರು ನೀರಿಗೆ ಎದ್ದರು, ಅದೂ ಮೊದಲ ಕಾಲು ಗಂಟೆಯಲ್ಲಿ. ಒಂದೇ ಮನೆಯ ಇಬ್ಬರು ಜಗಳವಾಡಿ ದೂರ ದೂರ ಹೋಗಿ ಕೂತರು. ಮೂವರು ಖುಷಿ ತಡೆಯಲಾರದೆ ಎದ್ದು ನಿಂತರು. ಅವರಿಗೂ ಗೆರೆ ಹಾಕಬೇಕೇ ಎಂದು ನಿನ್ನನ್ನು ಕೇಳಲು ತಿರುಗಿದೆ, ನೀನು ಏಳನೇ ಸಾಲಿನಲ್ಲಿದ್ದೆ. ಹಾಕಿದೆ. ಮೂವತ್ತೆರಡು ವರ್ಷದಲ್ಲಿ ನೀನು ಎಷ್ಟು ಒಳ್ಳೆಯ ಚಿತ್ರಗಳಿಗೆ ಇಂಥ ಗೆರೆ ಎಳೆದು ತಿರಸ್ಕರಿಸಿದ್ದೀಯೋ ಏನೋ. ಅದನ್ನು ನೀನು ಯೋಚಿಸು.

ಈಗ ನನ್ನ ತಪ್ಪು. ಆ ಏಳು ನಿಮಿಷ ಬಂದಾಗ ನಾನು ಸ್ಟೂಲಿನ ಅಂಚು ಹಿಡಿದುಕೊಂಡೆ. ಬೆನ್ನ ಹಿಂದೆ ಖಾಲಿ ಶಾಲೆಯ ಗಾಳಿಯ ಸದ್ದು. ಎದುರಿಗೆ ಪರದೆಯ ಬೆಳಕು ಬಿದ್ದ ಇನ್ನೂರು ಮುಖ. ಹೆದರಿಕೆ ಹುಡುಕಿದೆ ಅಕ್ಕಾ. ಸಾಲು ಸಾಲಾಗಿ ಹುಡುಕಿದೆ. ಅವರಿಗೆ ಹೊಟ್ಟೆಕಿಚ್ಚು! ಆ ಹುಡುಗಿಗೆ ಇಡೀ ಶಾಲೆ ಸಿಕ್ಕಿಬಿಟ್ಟಿತಲ್ಲ ಎಂದು. “ಹೆಡ್ಮೇಷ್ಟ್ರ ಕುರ್ಚಿ ಮೇಲೆ ಕೂತ್ಕೊಳ್ಳೇ!” ಎಂದು ಒಬ್ಬ ಕೂಗಿದ. “ಗಂಟೆ ಹೊಡಿ, ಗಂಟೆ ಹೊಡಿ!” ಎಂದು ನಮ್ಮ ಬುಗುರಿ. “ಬೇಡ್ವೇ, ಸಿಕ್ಕಿಬೀಳ್ತೀಯ!” ಎಂದು ಇನ್ನೊಬ್ಬಳು, ನಿಜವಾದ ಕಾಳಜಿಯಿಂದ. ಅವಳು ಗಂಟೆ ಹೊಡೆದಾಗಲೇ ಆ ಮೂವರು ಎದ್ದು ನಿಂತದ್ದು.

ಆಮೇಲೆ ಅವಳು ಗೇಟಿನ ಹತ್ತಿರ ಬಂದು ನಿಂತು ಬೆಳಕು ಕಡಿಮೆಯಾಗುತ್ತಾ ಹೋಯಿತು. ಆಗ ಸದ್ದಡಗಿತು. ಇಬ್ಬರು ಪುಟ್ಟವರು ಎದ್ದು ಪಕ್ಕದ ಸಾಲಿನ ಗೆಳತಿಯರ ಮಡಿಲು ಸೇರಿದರು. ಅಷ್ಟೇ. ಬೇಜಾರಾದಾಗ ಎಲ್ಲಿ ಹೋಗಿ ಕೂರಬೇಕೆಂದು ಅವರಿಗೆ ಗೊತ್ತಿತ್ತು. ಬೆಂಚುಗಳ ಮೇಲಿನ ಹಿರಿಯರೇ ಒದ್ದಾಡಿಹೋದರು. ನಿನ್ನ ಮಗ ಇಡೀ ಹೊತ್ತು ಬುಗುರಿಯನ್ನೇ ನೋಡುತ್ತಿದ್ದ. ಆಟ ಮುಗಿದ ಮೇಲೆ ನನ್ನ ಹತ್ತಿರ ಬಂದು, “ಚಿಕ್ಕೀ, ಇವಳು ಹಿಂಗೆ ಬಾಯ್ಬಿಟ್ಕೊಂಡು ನೋಡ್ತಾಳೆ ಅಂತ ನಂಗೆ ಗೊತ್ತೇ ಇರ್ಲಿಲ್ಲ” ಎಂದ. ಕೆಮ್ಮಿದ ಹಾಗೆ ಮಾಡಿ ಹೊರಟುಹೋದ.

ಈಗ ಹನ್ನೆರಡನೆಯ ಗೆರೆ.

ಚಿತ್ರದಲ್ಲಿ ಕೊನೆಗೆ ಆ ಹುಡುಗಿಯ ಅಕ್ಕ ಓಡಿ ಬರುತ್ತಾಳಲ್ಲ, ಒಂದು ಕಾಲಿನ ಚಪ್ಪಲಿ ಕಿತ್ತುಹೋಗಿ. ನಾನು ಪರದೆ ನೋಡಲಿಲ್ಲ, ಆದರೆ ನಾಲ್ಕು ಸಲ ನೋಡಿದ್ದೆನಲ್ಲ, ಏದುಸಿರು ಕೇಳಿದರೆ ಸಾಕಿತ್ತು. ಆ ಹುಡುಗಿ ಹೇಳುತ್ತಾಳೆ, “ಈಗಷ್ಟೇ ಬಿಟ್ರು ಅಕ್ಕಾ. ನಾನೂ ಈಗಷ್ಟೇ ಆಚೆ ಬಂದೆ.” ಆಗ ಏಳನೇ ಸಾಲಿನಲ್ಲಿ ನೀನು ಎದ್ದೆ. ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡು, ಮಕ್ಕಳ ಮಂಡಿಗಳನ್ನು ದಾಟಿಕೊಂಡು, ಬಾಗಿಲ ಕಡೆಗೆ ಹೋದೆ. ನಿಯಮದ ಪ್ರಕಾರ ಗೆರೆ ಹಾಕಿದೆ.

ನಿನಗೆ ಅರ್ಥವಾಗಿದೆ ಎಂದು ನನಗೆ ಗೊತ್ತು. ಆದರೂ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಮತ್ತೆ ಮಂಡಿನೋವಿಗೆ ಹೋಗುತ್ತೇವೆ. ನಾನು ಖುಷಿಯಾಗಿ ಆಡಿಕೊಂಡಿರುತ್ತಿರಲಿಲ್ಲ. ನಿನ್ನ ತಲೆ ತಿರುವಿನಲ್ಲಿ ಕಂಡ ಕೂಡಲೇ ಕುಂಟೆಬಿಲ್ಲೆ ಆಡಲು ಶುರುಮಾಡುತ್ತಿದ್ದೆ. ಅಪ್ಪ ನಿನ್ನನ್ನು ಓದು ಬಿಡಿಸಿ ಟಿಕೆಟ್ ಕಿಟಕಿಯಲ್ಲಿ ಕೂರಿಸಿದ್ದರು, ನನ್ನ ಓದು ನಿಲ್ಲಬಾರದು ಎಂದು ನೀನು ಒಪ್ಪಿಕೊಂಡು ಕೂತಿದ್ದೆ. ಅಂಥವಳ ಹತ್ತಿರ ಯಾಕೆ ತಡ ಎಂದು ಯಾವ ಬಾಯಲ್ಲಿ ಕೇಳಲಿ?

ನಾನು ಹಾಕಿದ ಗುರುತು ಆ ಚಿತ್ರದ್ದಲ್ಲ, ನನ್ನದು. ಮರುಪರೀಕ್ಷೆಗೆ ಬರೆದುಕೊಟ್ಟಿದ್ದೇನೆ. ‘ಎಲ್ಲರೂ ನೋಡಬಹುದು’ ಎಂದಾಗುತ್ತದೆ. ನೀನು ಬೇಡ ಎಂದರೆ ಮಾತ್ರ ತಡೆಹಿಡಿಯುತ್ತೇನೆ. ಆ ದರ್ಜೆ ಇದ್ದದ್ದಕ್ಕೇ ಅಲ್ಲವೇ ಹಿರಿಯರು ಬಂದದ್ದು, ಟಾಕೀಸು ತುಂಬಿದ್ದು.

ತಂಗಿ


ಏಪ್ರಿಲ್ 10, ಗುರುವಾರ

ತಂಗೀ,

ಬೇಡ ಎನ್ನುವಷ್ಟು ಸಣ್ಣವಳಲ್ಲ ನಾನು. ತಿದ್ದು. ಈ ದರ್ಜೆ ಇರುವವರೆಗೆ ಅದನ್ನು ಯಾವ ಶಾಲೆಯೂ ತರಿಸುವುದಿಲ್ಲ, ಒಬ್ಬರೇ ಬರುವ ಮಕ್ಕಳಿಗೆ ಯಾವ ಟಾಕೀಸಿನಲ್ಲೂ ಸಿಗುವುದಿಲ್ಲ. ಕರೆದುಕೊಂಡು ಬರಲು ಯಾರೂ ಇಲ್ಲದ ಮಗುವಿಗೇ ಅಲ್ಲವೇ ಆ ಚಿತ್ರ ಮೊದಲು ಸಿಗಬೇಕಾದ್ದು?

ನನ್ನ ಟಾಕೀಸಿನ ಚಿಂತೆ ನಿನಗೆ ಬೇಡ. ಹಿರಿಯರನ್ನು ಕರೆಯಲು ನನಗೆ ನಿಮ್ಮ ದರ್ಜೆ ಬೇಕಿಲ್ಲ, ನನ್ನದೇ ಇದೆ. ಹಲಗೆಯಲ್ಲಿ ಬರೆದುಬಿಟ್ಟಿದ್ದೇನೆ: ‘ಭಾನುವಾರ ಬೆಳಿಗ್ಗೆ ಮಕ್ಕಳು ಒಬ್ಬರೇ ಬರಬಹುದು. ದೊಡ್ಡವರು ಮಕ್ಕಳ ಜೊತೆ ಮಾತ್ರ.’ ಹೋದ ಭಾನುವಾರ ಬೆಂಚುಗಳ ಮೇಲೆ ನಲವತ್ತೊಂಬತ್ತು ಜನ. ದರ್ಜಿ ಈ ಸಲ ಹೆಂಡತಿಯನ್ನೂ ಕರೆತಂದಿದ್ದ. ಚಿತ್ರ ಹೇಳಿಕೊಳ್ಳುವ ಹಾಗಿರಲಿಲ್ಲ, ಎದ್ದವರು ಮೂವತ್ತಮೂರು. ಹಿರಿಯರ ಎದುರಿಗೇ ಎದ್ದರು. ಹೊರಗೆ ಬಂದ ಅಪ್ಪ ಅಮ್ಮಂದಿರೆಲ್ಲ ವಿತರಕನನ್ನು ಹಿಡಿದು ನಿಲ್ಲಿಸಿಕೊಂಡರು. ನಾನು ಒಂದು ಮಾತೂ ಆಡಬೇಕಾಗಲಿಲ್ಲ.

ಮಗ ತರಬೇತಿಯವರಿಗೆ ಶನಿವಾರ ಸಂಜೆಯ ಹೊತ್ತು ಕೊಟ್ಟಿದ್ದಾನೆ. ಭಾನುವಾರದ ಮಾತು ಅವನೂ ಎತ್ತಿಲ್ಲ, ನಾನೂ ಎತ್ತಿಲ್ಲ. ಎರಡನೇ ಸಾಲಿನ ಬೆಂಚಿನಲ್ಲಿ ಅವನಿಗೆ ಒಂದು ಜಾಗವಾಗಿದೆ.

ನನ್ನ ಗೆರೆಗಳ ಬಗ್ಗೆ ನೀನು ಹೇಳಿದ್ದು ಸರಿ. ಈಗ ಎರಡು ಬಣ್ಣದ ಪೆನ್ಸಿಲು ಇಟ್ಟುಕೊಂಡಿದ್ದೇನೆ. ಬೇಸರದಿಂದ ಎದ್ದವರಿಗೆ ಕಪ್ಪು, ತಡೆಯಲಾರದೆ ಎದ್ದವರಿಗೆ ಕೆಂಪು. ಹಳೆಯ ಪುಸ್ತಕಗಳನ್ನು ತಿದ್ದುವ ದಾರಿಯಿಲ್ಲ. ಒಳಗೊಳಗೆ ಕೊರೆಯುತ್ತದೆ. ಕೊರೆಯಲಿ.

ನೀನು ಹಾಕಿದ ಹನ್ನೆರಡನೆಯ ಗೆರೆಯ ಮೇಲೆ ಕೆಂಪು ತೀಡಿದ್ದೇನೆ.

ಶಾಲೆ ಬಿಡುತ್ತಿದ್ದದ್ದು ನಾಲ್ಕಕ್ಕೆ. ಮಧ್ಯಾಹ್ನದ ಆಟ ಮುಗಿದು, ಸೀಟಿನ ಕೆಳಗೆಲ್ಲ ಗುಡಿಸಿ, ನಾನು ಅಲ್ಲಿಗೆ ತಲುಪುವಷ್ಟರಲ್ಲಿ ಐದೂಮುಕ್ಕಾಲು. ದಿನಕ್ಕೆ ಒಂದೂಮುಕ್ಕಾಲು ಗಂಟೆ, ವಾರಕ್ಕೆ ಐದು ದಿನ, ನಾಲ್ಕು ವರ್ಷ. ಜೀವಮಾನವಿಡೀ ಎಣಿಸುತ್ತಾ ಕೂತವಳು ನಾನು, ಇದೊಂದನ್ನು ಎಣಿಸಿರಲಿಲ್ಲ. ನೀನು ಕುಂಟುವುದನ್ನು ತಿರುವಿನಿಂದ ನೋಡಿ, ಇವಳಿಗೇನು ಆರಾಮ, ಆಟವಾಡಿಕೊಂಡಿದ್ದಾಳೆ ಎಂದು ಹೊಟ್ಟೆ ಉರಿದುಕೊಂಡದ್ದೂ ಉಂಟು. ಅಷ್ಟು ಮುಖಗಳನ್ನು ನೋಡಿದವಳಿಗೆ ಒಂದು ಮುಖ ಓದಲು ಬರಲಿಲ್ಲ.

ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ. ಬರುವವಳ ಹಾಗೆ ನಟಿಸುವುದೂ ಇಲ್ಲ.

ಇಪ್ಪತ್ತೇಳನೇ ತಾರೀಖು ಭಾನುವಾರ ನಿನ್ನ ಚಿತ್ರವನ್ನು ಇನ್ನೊಮ್ಮೆ ಹಾಕುತ್ತಿದ್ದೇನೆ, ಹೊಸ ದರ್ಜೆಯೊಂದಿಗೆ. ಸ್ಟೂಲಿನ ಕಾಲು ರಿಪೇರಿಯಾಗಿದೆ, ಪಕ್ಕದಲ್ಲಿ ಇನ್ನೊಂದು ಸ್ಟೂಲು ಹಾಕಿಸಿದ್ದೇನೆ. ನಿನ್ನ ಸಮಿತಿಯ ಆ ನಾಲ್ವರಿಗೂ ಬೆಂಚಿನಲ್ಲಿ ಜಾಗವಿದೆ ಎಂದು ಹೇಳು. ಬರುವಾಗ ಒಂದೊಂದು ಮಗುವನ್ನು ಕರೆತರಬೇಕು, ಇಲ್ಲದಿದ್ದರೆ ಅಧ್ಯಕ್ಷರಾದರೂ ಹೊರಗಿನ ಕಟ್ಟೆಯೇ.

ನಿನ್ನ ಬಸ್ಸು ಬೆಳಿಗ್ಗೆ ಎಂಟೂ ಹತ್ತಕ್ಕೆ ಬರುತ್ತದೆ. ಹೋದ ಸಲ ನೀನು ಒಬ್ಬಳೇ ನಡೆದು ಬಂದೆ. ಈ ಸಲ ಏಳೂವರೆಗೇ ನಾನು ನಿಲ್ದಾಣದಲ್ಲಿರುತ್ತೇನೆ. ಬಸ್ಸು ತಡವಾದರೆ ಆಗಲಿ. ಕಾಯುವುದು ನನಗೂ ಸ್ವಲ್ಪ ಅಭ್ಯಾಸವಾಗಬೇಕು.

ಅಕ್ಕ